ಲಾರಿ ಬ್ಯಾಟರಿಗೆಂದು ಡಿಜಿಟಲ್ ಟೆಸ್ಟರ್ ತಗೊಂಡೆ, ಎಂಟು ತಿಂಗಳ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು. ಒಂದು ಯಾಕೆ ಕಳೆದೆ ಅನ್ನೋದು ಮುಂದೆ ಬರುತ್ತದೆ.

ನಾನು ತಗೊಂಡಿದ್ದು ಅಂಗೈಯಲ್ಲಿ ಹಿಡಿಯುವಂಥ ಕಂಡಕ್ಟನ್ಸ್ ಟೆಸ್ಟರ್, ಅಂದರೆ ಬ್ಯಾಟರಿಯೊಳಗೆ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುವ ಯಂತ್ರ. ಕೆಂಪು, ಕಪ್ಪು ಎರಡು ಕ್ಲಿಪ್, ನಾಲ್ಕೈದು ಬಟನ್, ಒಂದು ಸಣ್ಣ ಸ್ಕ್ರೀನ್. ಪ್ರಿಂಟರ್ ಇಲ್ಲದ ಸಾದಾ ಮಾಡೆಲ್. ಇಂಥದ್ದೇ ಹತ್ತಾರು ಹೆಸರಿನಲ್ಲಿ ಸಿಗುತ್ತವೆ, ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ, ಹಾಗಾಗಿ ಬ್ರ್ಯಾಂಡ್ ಹೆಸರಿನ ಗೋಜಿಗೆ ಹೋಗುತ್ತಿಲ್ಲ.

ತಗೊಳ್ಳೋಕೆ ಕಾರಣ ಒಂದು ಹಾಳು ಬೆಳಗ್ಗೆ. ಲೋಡ್ ಆಗಿ ನಿಂತಿದ್ದ ಹತ್ತು ಚಕ್ರದ ಗಾಡಿ, ಡ್ರೈವರ್ ಕೀ ತಿರುಗಿಸಿದರೆ ಕಟ್ ಕಟ್ ಅಂತ ಸದ್ದು ಬರುತ್ತಿತ್ತು, ಅಷ್ಟೇ. ಆಟೋ ಎಲೆಕ್ಟ್ರಿಷಿಯನ್ ಬಂದ. ಮಲ್ಟಿಮೀಟರಿನ ಒಂದು ಕಡ್ಡಿ ಈ ತುದಿಗೆ, ಇನ್ನೊಂದು ಆ ತುದಿಗೆ ಇಟ್ಟ. 24.7 ಬಂತು. "ಬ್ಯಾಟರಿ ಚೆನ್ನಾಗಿದೆ ಸಾರ್, ಸೆಲ್ಫ್ ಹೋಗಿದೆ" ಅಂದ. ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಬಿಚ್ಚಿ, ಕಾರ್ಬನ್ ಬ್ರಷ್ ಬದಲಾಯಿಸಿ, ವಾಪಸ್ ಕೂರಿಸುವ ಹೊತ್ತಿಗೆ ಅರ್ಧ ದಿನ ಹೋಯಿತು. ಕೀ ತಿರುಗಿಸಿದರೆ ಮತ್ತೆ ಕಟ್ ಕಟ್. ಕೊನೆಗೆ ಪಕ್ಕದ ಗಾಡಿಯಿಂದ ಜಂಪ್ ಕೊಟ್ಟು ಹೊರಡಿಸಿದೆವು.

ಆ 24.7 ಅನ್ನೋ ಸಂಖ್ಯೆ ನನ್ನ ತಲೆಯಲ್ಲೇ ಉಳಿದುಬಿಟ್ಟಿತು. ನಮ್ಮ ಗಾಡಿ 24 ವೋಲ್ಟಿನದು, 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿ, ಇರುತ್ತವೆ. ಒಂದೊಂದರಲ್ಲೂ ಆರು ಸೆಲ್. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ನೆ ಇದ್ದ ಬ್ಯಾಟರಿ 12.6ರಿಂದ 12.7 ತೋರಿಸಬೇಕು. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ, 11.8ರ ಹತ್ತಿರ ಬಂದರೆ ಖಾಲಿ ಅಂತಲೇ ಲೆಕ್ಕ. ಎರಡೂ ಸೇರಿಸಿ ಅಳೆದರೆ 24.7, ಅಂದರೆ ತಲಾ 12.35, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ತಲಾ ಅಂತ ಯಾರು ಹೇಳಿದ್ದು? ಸಂಜೆ ನಾನೇ ಒಂದೊಂದನ್ನೂ ಬೇರೆ ಬೇರೆ ಅಳೆದೆ. ಚಾಸಿಸ್ ಕಡೆಯದ್ದು, ಅಂದರೆ ನೆಗೆಟಿವ್ ಚಾಸಿಸ್ಸಿಗೆ ಹೋಗುವುದು, 11.9. ಸೆಲ್ಫ್ ಕಡೆಯದ್ದು 12.8. ಕೂಡಿಸಿ ನೋಡಿ, ಸರಿಯಾಗಿ 24.7.

ಚಾಸಿಸ್ ಕಡೆಯ ಬ್ಯಾಟರಿಗೆ ಆಗಿನ್ನೂ ಒಂದು ವರ್ಷ. ಹಿಂದಿನ ಸಲ ಅದೊಂದನ್ನೇ ಬದಲಾಯಿಸಿಕೊಟ್ಟಿದ್ದರು, "ಇನ್ನೊಂದು ಗಟ್ಟಿಯಾಗಿದೆ, ಯಾಕೆ ಸುಮ್ನೆ ದುಡ್ಡು ಹಾಕ್ತೀರಿ" ಅಂತ. ನನಗೂ ಆಗ ಅದು ಬುದ್ಧಿವಂತಿಕೆಯ ಮಾತು ಅನ್ನಿಸಿತ್ತು. ಈಗ ಆ ಹೊಸದೇ ಬಿದ್ದಿದೆ, ಹಳೆಯದು ಎದೆಯುಬ್ಬಿಸಿಕೊಂಡು 12.8 ತೋರಿಸುತ್ತಿದೆ. ಇದು ಅರ್ಥವಾಗಲಿಲ್ಲ. ಅದಕ್ಕೇ ಟೆಸ್ಟರ್ ತರಿಸಿದೆ.

ಹಳೆಯ ಪದ್ಧತಿಯ ಲೋಡ್ ಟೆಸ್ಟರ್ ನಿಮಗೆ ಗೊತ್ತಿರಬಹುದು. ಬ್ಯಾಟರಿಯ ಸಿಸಿಎಯಲ್ಲಿ (ಕೊರೆಯುವ ಚಳಿಯಲ್ಲಿ ಅದು ಕೊಡಬಲ್ಲ ಕರೆಂಟು) ಅರ್ಧದಷ್ಟು ಕರೆಂಟನ್ನು 15 ಸೆಕೆಂಡ್ ಎಳೆಯುತ್ತಾರೆ, ಅಷ್ಟು ಹೊತ್ತೂ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಗಟ್ಟಿ ಪರೀಕ್ಷೆ, ಆದರೆ ಬ್ಯಾಟರಿ ಮೊದಲು ಚಾರ್ಜ್ ಆಗಿರಬೇಕು, ಯಂತ್ರ ಕಾದ ಹೆಂಚಿನಂತೆ ಬಿಸಿಯಾಗುತ್ತದೆ. ನಾನು ತಗೊಂಡ ಬಗೆಯದು ಹಾಗಲ್ಲ. ಸಣ್ಣದೊಂದು ಸಿಗ್ನಲ್ ಕಳಿಸಿ, ಬ್ಯಾಟರಿಯೊಳಗೆ ಕರೆಂಟಿಗೆ ದಾರಿ ಎಷ್ಟು ಸಲೀಸಾಗಿದೆ ಅಂತ ನೋಡುತ್ತದೆ. ಪ್ಲೇಟು ಹಳೆಯದಾದಷ್ಟೂ ದಾರಿ ಕಿರಿದಾಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಉತ್ತರ ಬರುತ್ತದೆ, ಕಿಡಿ ಇಲ್ಲ, ಬಿಸಿ ಇಲ್ಲ.

ಉತ್ತರ ನೋಡಿ ನಾನು ಮತ್ತೆ ಕ್ಲಿಪ್ ಹಾಕಿ ತೆಗೆದು ಎರಡು ಸಲ ಪರೀಕ್ಷೆ ಮಾಡಿದೆ. 11.9 ತೋರಿಸುತ್ತಿದ್ದ ಬ್ಯಾಟರಿಗೆ "ಚಾರ್ಜ್ ಮಾಡಿ ಮತ್ತೆ ನೋಡಿ" ಅಂತ ಬಂತು. 12.8 ಇದ್ದ ಗಟ್ಟಿ ಬ್ಯಾಟರಿಗೆ "ಬದಲಾಯಿಸಿ", ಆರೋಗ್ಯ 38 ಪರ್ಸೆಂಟ್. ಸುಸ್ತಾಗಿ ಕಂಡದ್ದು ಬರೀ ಹಸಿದಿತ್ತು, ಗಟ್ಟಿ ಅನ್ನಿಸಿಕೊಂಡದ್ದು ಒಳಗೆ ಸತ್ತಿತ್ತು. ಹಸಿದದ್ದನ್ನು ಬಿಚ್ಚಿ ರಾತ್ರಿಯಿಡೀ ಚಾರ್ಜಿಗೆ ಹಾಕಿದೆ. ಮಾರನೆಯ ದಿನ ತಣ್ಣಗಾದ ಮೇಲೆ ನೋಡಿದರೆ 12.7, ಆರೋಗ್ಯ 81.

ಸತ್ತದ್ದರ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಪ್ಲೇಟಿನ ತುದಿ ನೀರಿನಿಂದ ಮೇಲೆ ಬಂದಿತ್ತು, ಒಣಗಿದ ಕೆರೆಯಲ್ಲಿ ಕಲ್ಲು ಎದ್ದು ಕಾಣುವ ಹಾಗೆ. ನೀರು ಹಾರಿಹೋಗಿ ಆಸಿಡ್ ಗಟ್ಟಿಯಾದರೆ ವೋಲ್ಟೇಜ್ ಕೊಂಚ ಜಾಸ್ತಿಯೇ ತೋರಿಸುತ್ತದೆ. ಎಲೆಕ್ಟ್ರಿಷಿಯನ್ ಮೋಸ ಹೋಗಿದ್ದೂ, ನಾನು ಮೋಸ ಹೋಗಿದ್ದೂ ಇದಕ್ಕೇ.

ಇಲ್ಲಿಗೆ ಟೆಸ್ಟರಿನ ಕೆಲಸ ಮುಗಿಯಿತು. ಯಾವುದು ಸತ್ತಿದೆ ಅಂತ ಹೇಳಿತು, ಯಾಕೆ ಸತ್ತಿತು ಅಂತ ಹೇಳಲಿಲ್ಲ. ಅದನ್ನು ಹುಡುಕಿದ್ದು ಕ್ಯಾಬಿನ್‌ನಲ್ಲಿ. ಸ್ಟಿಯರಿಂಗ್ ಕೆಳಗಿನಿಂದ ಒಂದು ತೆಳು ವೈರ್ ಇಳಿದು, ನೆಲದ ರಬ್ಬರಿನಡಿ ಹಾದು, ಬ್ಯಾಟರಿ ಪೆಟ್ಟಿಗೆಗೆ ಹೋಗಿ, ಎರಡು ಬ್ಯಾಟರಿ ಜೋಡಿಸುವ ಮಧ್ಯದ ಕೇಬಲಿಗೆ ಸುತ್ತಿಕೊಂಡಿತ್ತು. ಕಾರಿನ ಮ್ಯೂಸಿಕ್ ಸಿಸ್ಟಮ್ 12 ವೋಲ್ಟಿನದು, ಗಾಡಿ 24. ಹಾಗಾಗಿ ಚಾಸಿಸ್ ಕಡೆಯ ಒಂದೇ ಬ್ಯಾಟರಿಯಿಂದ 12 ಕದ್ದು ಹಾಡು, ಫ್ಯಾನು, ಮೊಬೈಲ್ ಚಾರ್ಜರ್ ಎಲ್ಲ ಓಡುತ್ತಿತ್ತು. ಬಹಳ ಗಾಡಿಗಳಲ್ಲಿ ಹೀಗೇ ಇರುತ್ತದೆ, ನೋಡಿಕೊಳ್ಳಿ.

ಇದರಿಂದ ಆಗೋದೇನು ಅಂದರೆ, ಒಂದು ಬ್ಯಾಟರಿ ದಿನವೂ ಒಂದಿಷ್ಟು ಖಾಲಿಯಾಗುತ್ತದೆ, ಇನ್ನೊಂದು ತುಂಬಿಯೇ ಇರುತ್ತದೆ, ಡೈನಮೋಗೆ ಈ ಮನೆಜಗಳ ಗೊತ್ತಿಲ್ಲ, ಅದು ಒಟ್ಟು 28 ವೋಲ್ಟ್ ಆಯಿತಾ ಅಂತ ಮಾತ್ರ ನೋಡುತ್ತದೆ. ಇಂಜಿನ್ ಓಡುವಾಗ ಅಳೆದೆ. ಖಾಲಿಯದಕ್ಕೆ 13.2 ಸಿಗುತ್ತಿತ್ತು, ತುಂಬಿದ್ದಕ್ಕೆ 14.9. ಒಬ್ಬನಿಗೆ ಉಪವಾಸ, ಇನ್ನೊಬ್ಬನಿಗೆ ಅಜೀರ್ಣ. ಉಪವಾಸದ್ದರ ಪ್ಲೇಟಿಗೆ ಸಲ್ಫೇಟ್ ಕಟ್ಟುತ್ತದೆ, ಅಜೀರ್ಣದ್ದು ಕುದಿದು ನೀರು ಕಳೆದುಕೊಳ್ಳುತ್ತದೆ. ಡ್ರೈವರಿಗೆ ತೋರಿಸಿದೆ. ಅವನು ಸ್ವಲ್ಪ ಹೊತ್ತು ವೈರನ್ನೇ ನೋಡಿ, "ಅಣ್ಣಾ, ಹಾಡು ಕೇಳಿದ್ದಕ್ಕೆ ಬ್ಯಾಟರಿ ಹೋಯ್ತಾ?" ಅಂದ. ವೈರ್ ಎಳೆದಿದ್ದು ಅವನಲ್ಲ, ಹಿಂದೆ ಯಾವನೋ ಮಾಡಿಟ್ಟದ್ದು. ಆದರೂ ಪಾಪ, ಎರಡು ದಿನ ಹಾಡು ಹಾಕಲಿಲ್ಲ.

ಈಗ ಕಳೆದ ಆ ಒಂದು ಅಂಕದ ಮಾತು. ಟೆಸ್ಟರ್ ಶುರುವಿನಲ್ಲೇ ಬ್ಯಾಟರಿಯ ಸಿಸಿಎ ಎಷ್ಟು ಅಂತ ಕೇಳುತ್ತದೆ. ಮೈನಸ್ 18 ಡಿಗ್ರಿ ಚಳಿಯಲ್ಲಿ ಬ್ಯಾಟರಿ 30 ಸೆಕೆಂಡ್ ಕೊಡಬಲ್ಲ ಕರೆಂಟು ಅದು, ವೋಲ್ಟೇಜ್ 7.2ಕ್ಕಿಂತ ಇಳಿಯದಂತೆ. ಲಾರಿ ಬ್ಯಾಟರಿ ಮೇಲೆ ಎಷ್ಟೋ ಸಲ ಬರೀ ಆಂಪಿಯರ್ ಅವರ್ ಬರೆದಿರುತ್ತದೆ, ಸಿಸಿಎ ಇರುವುದೇ ಇಲ್ಲ. ಅಂದಾಜಿನಲ್ಲಿ ಏನೋ ಒಂದು ಹಾಕಿದರೆ ಉತ್ತರವೂ ಅಂದಾಜಿನದೇ. ಇದಕ್ಕಿಂತ ದೊಡ್ಡ ಗುಂಡಿ ಅಂದರೆ ಎಸ್‌ಎಇ, ಇಎನ್, ಡಿಐಎನ್, ಜೆಐಎಸ್ ಅಂತ ಇರುವ ಆಯ್ಕೆಗಳು, ಬ್ಯಾಟರಿ ಅಳೆಯುವ ಬೇರೆ ಬೇರೆ ಮಾನದಂಡಗಳು ಇವು. ಒಂದೇ ಬ್ಯಾಟರಿಗೆ ಡಿಐಎನ್ ಪ್ರಕಾರದ ಸಂಖ್ಯೆ ಎಸ್‌ಎಇಗಿಂತ ತುಂಬಾ ಕಮ್ಮಿ ಇರುತ್ತದೆ. ಬ್ಯಾಟರಿ ಮೇಲೆ ಇಎನ್ ಪ್ರಕಾರ 900 ಅಂತ ಇದ್ದು, ನೀವು ಡಿಐಎನ್ ಆರಿಸಿ 900 ಒತ್ತಿದರೆ ಹೊಚ್ಚ ಹೊಸ ಬ್ಯಾಟರಿಗೂ "ಬದಲಾಯಿಸಿ" ಅಂತ ಬರುತ್ತದೆ. ತಿರುಗಾಮುರುಗಾ ಮಾಡಿದರೆ ಅರ್ಧ ಸತ್ತದ್ದೂ ಪಾಸ್. ಅಂಗಡಿಯವನು ಬೇಕಂತಲೇ ಮಾಡಿದರೂ ನಿಮಗೆ ತಿಳಿಯೋದಿಲ್ಲ, ಸ್ಕ್ರೀನ್ ಮೇಲೆ ಕೆಂಪಕ್ಷರ ಬಂದರೆ ನಾವು ತಲೆಯಾಡಿಸುತ್ತೇವೆ ಅಲ್ವಾ. ಕೂಡಿಸಿ ಕಳೆಯುವ ಇಷ್ಟು ಬುದ್ಧಿ ಇರುವ ಯಂತ್ರ, ಜೊತೆಗೆ ಬಂದ ಕಾಗದದಲ್ಲಿ ಈ ಬಗ್ಗೆ ಒಂದು ಸಾಲು ಎಚ್ಚರಿಕೆ ಕೊಡಬಾರದಿತ್ತೇ?

ನಾನು ಕಂಡುಕೊಂಡ ದಾರಿ ಇಷ್ಟೇ. ಹೊಸ ಬ್ಯಾಟರಿ ಬಂದ ದಿನವೇ ಪೂರ್ತಿ ಚಾರ್ಜ್ ಮಾಡಿ, ಪರೀಕ್ಷೆ ಮಾಡಿ, ಬಂದ ಸಂಖ್ಯೆಯನ್ನು ಪೇಂಟ್ ಮಾರ್ಕರಿನಲ್ಲಿ ಬ್ಯಾಟರಿ ಮೈಮೇಲೇ ಬರೆದಿಡೋದು. ಆಮೇಲೆ ಪ್ರತಿ ಸಲ ಅದೇ ಸೆಟ್ಟಿಂಗ್. ಸಂಖ್ಯೆ ಸರಿಯೋ ತಪ್ಪೋ, ಎಷ್ಟು ಇಳಿಯಿತು ಅನ್ನೋದಂತೂ ಗೊತ್ತಾಗುತ್ತದೆ.

ಕ್ಲಿಪ್ಪಿನ ಬಾಯಿಯೂ ಚಿಕ್ಕದು. ಲಾರಿ ಟರ್ಮಿನಲ್ ದಪ್ಪ, ಅದರ ಮೇಲೆ ಕ್ಲ್ಯಾಂಪ್ ಬೇರೆ, ಕ್ಲಿಪ್ ಪಕ್ಕಕ್ಕೆ ಜಾರುತ್ತದೆ. ಕ್ಲಿಪ್ಪಿನ ಎರಡೂ ದವಡೆ ಸೀಸಕ್ಕೆ ಮುಟ್ಟಬೇಕು, ಒಂದೇ ಮುಟ್ಟಿದರೆ ತಪ್ಪು ಓದುತ್ತದೆ. ಟರ್ಮಿನಲ್ ಮೇಲಿನ ಬೋಲ್ಟಿಗೆ ಕಚ್ಚಿಸಬೇಡಿ, ಅದು ಉಕ್ಕು. ಗಾಡಿ ಈಗಷ್ಟೇ ಓಡಿ ನಿಂತಿದ್ದರೆ ಹೆಡ್‌ಲೈಟ್ ಎರಡು ನಿಮಿಷ ಹಾಕಿ ಆರಿಸಿ ಪರೀಕ್ಷೆ ಮಾಡಿ, ಇಲ್ಲದಿದ್ದರೆ ಮೇಲುಮೇಲಿನ ಚಾರ್ಜ್ ನೋಡಿ ಅದೂ ಮೋಸ ಹೋಗುತ್ತದೆ. ಬ್ಯಾಟರಿಗಳು ಪ್ಯಾರಲಲ್‌ನಲ್ಲಿದ್ದರೆ ಬಿಡಿಸಿಯೇ ನೋಡಬೇಕು. ಬಿಸಿಲಲ್ಲಿ ಸ್ಕ್ರೀನ್ ಕಾಣೋದಿಲ್ಲ, ಟವೆಲ್ ಹೊದ್ದು ನೋಡಬೇಕು, ಹಳೆಯ ಕಾಲದ ಫೋಟೋಗ್ರಾಫರ್ ಥರ.

ಹಾಗಂತ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎಸೆದಿಲ್ಲ. ಗೆಳೆಯನ ಗಾಡಿಯದ್ದಕ್ಕೆ ಟೆಸ್ಟರ್ ಎರಡು ಸಲವೂ "ಚಾರ್ಜ್ ಮಾಡಿ ಮತ್ತೆ ನೋಡಿ" ಅಂತ ಗೊಣಗಿತು. ಮುಚ್ಚಳ ತೆಗೆದು ಆಸಿಡ್ ಎಳೆದು ನೋಡಿದರೆ ಐದು ಸೆಲ್ 1.260ರ ಆಸುಪಾಸು, ಒಂದು ಮಾತ್ರ 1.190. ಸೆಲ್ ಸೆಲ್ಲಿಗೆ 0.050ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಬ್ಯಾಟರಿಯ ಆಸೆ ಬಿಡಬೇಕು. ಮುಚ್ಚಳವೇ ಇಲ್ಲದ ಸೀಲ್ಡ್ ಬ್ಯಾಟರಿಯಾದರೆ ಈ ಭಾಗ್ಯ ಇಲ್ಲ.

ಬದಲಾಯಿಸುವ ದಿನ ಎರಡನ್ನೂ ಒಟ್ಟಿಗೆ ಬದಲಾಯಿಸಿದೆ, ಒಂದೇ ಕಂಪನಿ, ಒಂದೇ ಆಂಪಿಯರ್ ಅವರ್, ಒಂದೇ ತಿಂಗಳ ತಯಾರಿ. 81 ಬಂದಿದ್ದ ಆ ಒಂದು ವರ್ಷದ್ದನ್ನು ಗೆಳೆಯನ ಟ್ರ್ಯಾಕ್ಟರಿಗೆ ಕೊಟ್ಟೆ, ಅಲ್ಲಿ ಅದು ಒಂಟಿ, ಜಗಳ ಇಲ್ಲ. ಹೊಸವನ್ನು ಕೂರಿಸುವ ಮೊದಲೇ ಟೆಸ್ಟರ್ ಹಾಕಿದೆ. ಒಂದು 12.6, ಇನ್ನೊಂದು 12.3. ಅಂಗಡಿಯವನಿಗೆ ತೋರಿಸಿದೆ, ಮಾತಿಲ್ಲದೆ ಚಾರ್ಜಿಗೆ ಹಾಕಿದ. ಇದೊಂದಕ್ಕೇ ಟೆಸ್ಟರ್ ಸಾರ್ಥಕ.

ಒಂದೊಂದು ಬ್ಯಾಟರಿಯೂ 40 ಕಿಲೋ ಮೇಲೆ, ಒಬ್ಬನೇ ಎತ್ತುವ ಹುಂಬತನ ಬೇಡ. ಹೊಗೆ ಶುದ್ಧ ಮಾಡುವ ಯೂರಿಯಾ ದ್ರವದ ಟ್ಯಾಂಕ್ ಇರುವ ಗಾಡಿಯಾದರೆ ಕೀ ಆಫ್ ಮಾಡಿದ ತಕ್ಷಣ ಕೇಬಲ್ ಬಿಚ್ಚಬಾರದು, ಪೈಪಿನಲ್ಲಿ ಉಳಿದದ್ದನ್ನು ಪಂಪ್ ಹಿಂದಕ್ಕೆ ಎಳೆದುಕೊಳ್ಳೋಕೆ ಕೆಲವು ನಿಮಿಷ ಬೇಕು. ಬಿಚ್ಚುವಾಗ ಚಾಸಿಸ್ಸಿಗೆ ಹೋಗುವ ನೆಗೆಟಿವ್ ಮೊದಲು, ಹಾಕುವಾಗ ಅದು ಕೊನೆಗೆ. ಉಲ್ಟಾ ಮಾಡಿ ಸ್ಪ್ಯಾನರ್ ಚಾಸಿಸ್ಸಿಗೆ ತಾಗಿದರೆ ಸ್ಪ್ಯಾನರೇ ವೆಲ್ಡಿಂಗ್ ಆಗುತ್ತದೆ, ಮೇಲೆ ಹೈಡ್ರೋಜನ್ ಇದ್ದರೆ ಬ್ಯಾಟರಿಯೇ ಸಿಡಿಯಬಹುದು.

ನಾನು ಎಡವಿದ್ದು ಬೇರೆ ಕಡೆ. ಹೊಸ ಬ್ಯಾಟರಿಯ ಪಾಸಿಟಿವ್ ಎಡಕ್ಕಿತ್ತು, ಹಳೆಯದರಲ್ಲಿ ಬಲಕ್ಕೆ. ಮಧ್ಯದ ಕೇಬಲ್ ಮುಟ್ಟಲಿಲ್ಲ. ಎಳೆದು ಹಾಕಬಹುದಿತ್ತು, ಆದರೆ ಪೆಟ್ಟಿಗೆಯ ಕಬ್ಬಿಣದಂಚಿಗೆ ಉಜ್ಜುತ್ತಿತ್ತು. ವಾಪಸ್ ಹೋಗಿ ಜೋಡಿಯನ್ನೇ ಬದಲಾಯಿಸಿಕೊಂಡು ಬಂದೆ, ಮತ್ತೆ ಎರಡು ಗಂಟೆ. ತಗೊಳ್ಳುವ ಮೊದಲು ಹಳೆಯದರ ಫೋಟೋ ಹೊಡೆದುಕೊಂಡು ಹೋಗಿ.

ಕ್ಲ್ಯಾಂಪ್‌ಗಳ ಮೇಲಿದ್ದ ಹಸಿರು ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದೆ. ತೊಳೆಯುವ ಮೊದಲೇ ಸೆಲ್ಫ್ ಹೊಡೆಸಿ, ಟರ್ಮಿನಲ್ಲಿಗೂ ಅದರ ಕ್ಲ್ಯಾಂಪಿಗೂ ನಡುವೆ ಮೀಟರ್ ಇಟ್ಟು ನೋಡಿದ್ದೆ, 0.9 ವೋಲ್ಟ್ ಅಲ್ಲೇ ಸೋರುತ್ತಿತ್ತು. ಸೊನ್ನೆಯ ಹತ್ತಿರ ಇರಬೇಕಾದದ್ದು. ತೊಳೆದು ಬಿಗಿದು ವ್ಯಾಸಲೀನ್ ಹಚ್ಚಿದ ಮೇಲೆ 0.05. ಬ್ಯಾಟರಿ ಹಿಡಿದಿಡುವ ಪಟ್ಟಿಯನ್ನೂ ಹೊಸದಾಗಿ ಹಾಕಿಸಿದೆ, ಅಲುಗಾಡಿದರೆ ಒಳಗಿನ ಪ್ಲೇಟು ಉದುರುತ್ತದೆ.

ಮಧ್ಯದಿಂದ ಕದಿಯುತ್ತಿದ್ದ ವೈರ್ ಕಿತ್ತು, 24ರಿಂದ 12 ಮಾಡುವ 10 ಆಂಪಿಯರ್ ಕನ್ವರ್ಟರ್ ಹಾಕಿಸಿದ್ದೇನೆ. ಈಗ ಎರಡೂ ಬ್ಯಾಟರಿಯಿಂದ ಸಮನಾಗಿ ಹೋಗುತ್ತದೆ. ಎಂಟು ತಿಂಗಳಾಯಿತು. ಮೊನ್ನೆ ಬೆಳಗ್ಗೆ ಅಳೆದಾಗ ಒಂದು 12.68, ಇನ್ನೊಂದು 12.66. ಡ್ರೈವರ್ ಪಕ್ಕದಲ್ಲೇ ನಿಂತು ನೋಡಿ, "ಎರಡೂ ಚೆನ್ನಾಗಿವೆಯಲ್ಲ ಅಣ್ಣಾ, ಹಂಗಾದ್ರೆ ಒಂದು ಸಣ್ಣ ಆಂಪ್ಲಿಫೈಯರ್ ಹಾಕಿಸೋಣವಾ?" ಅಂದ. ಕನ್ವರ್ಟರ್ ತಡೆಯುತ್ತಾ ಅಂತ ಲೆಕ್ಕ ಹಾಕುತ್ತಿದ್ದೇನೆ.