ಹೊರಗೋಡೆಯ ತೇಪೆಗೆ ಬಣ್ಣ: ಹಳೆಯ ಶೇಡ್ ನಂಬರೋ, ಗೋಡೆಯ ಚಕ್ಕೆಯೋ, ಇಡೀ ಗೋಡೆಯೋ?

ಬಳ್ಳಾರಿಯಲ್ಲಿ ಹೊರಗೋಡೆಯ ಬಿರುಕು ಮುಚ್ಚಿಸಿದವರಿಗೆ ಮೂರು ದಾರಿಗಳಿವೆ: ಹಳೆಯ ಶೇಡ್ ನಂಬರಿನ (ಕಂಪನಿ ಪ್ರತಿ ಬಣ್ಣಕ್ಕೂ ಕೊಡುವ ಸಂಖ್ಯೆ) ಬಣ್ಣ ತರುವುದು, ಗೋಡೆಯ ಚಕ್ಕೆಯನ್ನು ಅಂಗಡಿಗೆ ಒಯ್ದು ಯಂತ್ರದಿಂದ ಬಣ್ಣ ಹೊಂದಿಸುವುದು, ಇಲ್ಲವೇ ಆ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಗೆ ಬಳಿಸುವುದು.

ಹೊಂದಾಣಿಕೆಯೇ ಇಲ್ಲಿ ಮುಖ್ಯ ಪ್ರಶ್ನೆ. ಶೇಡ್ ನಂಬರು ಮೂಲ ಬಣ್ಣವನ್ನು ಕೊಡುತ್ತದೆಯೇ ಹೊರತು ಬಿಸಿಲಿಗೆ ಮಾಸಿದ ಇಂದಿನ ಬಣ್ಣವನ್ನಲ್ಲ. ಪಶ್ಚಿಮದ ಗೋಡೆ ಉತ್ತರದ ಗೋಡೆಗಿಂತ ಬೇಗ ಮಾಸುವುದರಿಂದ, ಒಂದೇ ಡಬ್ಬಿಯ ಬಣ್ಣ ಒಂದು ಕಡೆ ಹೊಂದಿ ಇನ್ನೊಂದು ಕಡೆ ಎದ್ದು ಕಾಣಬಹುದು. ಚಕ್ಕೆಯನ್ನು ತೇಪೆಯ ಪಕ್ಕದಿಂದಲೇ, ನಾಣ್ಯಕ್ಕಿಂತ ದೊಡ್ಡದಾಗಿ ತೆಗೆದು, ಮೇಲೆ ಕೂತ ಕೆಂಪು ದೂಳನ್ನು ತೊಳೆದು ಒಣಗಿಸಿ ಒಯ್ಯಬೇಕು. ಇಲ್ಲವಾದರೆ ಯಂತ್ರವು ದೂಳಿನ ಬಣ್ಣವನ್ನೂ ಸೇರಿಸಿ ಅಳೆಯುತ್ತದೆ. ಹೊಳಪೂ ಹೊಂದಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಹಸಿ ಬಣ್ಣವನ್ನು ನೋಡಿ ತೀರ್ಮಾನಿಸದೆ, ಸ್ವಲ್ಪ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡುವುದು ಒಳ್ಳೆಯದು.

ಖರ್ಚಿನಲ್ಲಿ ಮೊದಲೆರಡು ಹಗುರ, ಮೂರನೆಯದು ಭಾರ. ಬಾಳಿಕೆಯು ಆಯ್ಕೆಗಿಂತ ಹೆಚ್ಚಾಗಿ ಗಿಲಾವು ಚೆನ್ನಾಗಿ ಒಣಗಿ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಲೇಪ) ಬಿದ್ದಿದೆಯೇ ಎಂಬುದನ್ನು ಅವಲಂಬಿಸಿದೆ.

ಇತ್ತೀಚೆಗಷ್ಟೇ ಬಣ್ಣ ಕಂಡ ಮನೆಗೆ ಶೇಡ್ ನಂಬರು ಸಾಕು. ಮಾಸಿದ ತಿಳಿಬಣ್ಣದ ಗೋಡೆಯಲ್ಲಿ ಒಂದೆರಡು ತೇಪೆಗಳಿದ್ದರೆ ಚಕ್ಕೆಯ ದಾರಿ ಸರಿ. ಗಾಢ ಬಣ್ಣದ, ಬೀದಿಗೆ ಕಾಣುವ ಗೋಡೆಯಲ್ಲಿ ತೇಪೆಗಳು ಹಲವಿದ್ದರೆ ಇಡೀ ಗೋಡೆಯನ್ನೇ ಬಳಿಸುವುದು ಲೇಸೆಂದು ನನ್ನ ಅಭಿಪ್ರಾಯ.