ಚಾರ್ಟ್‌ನಲ್ಲಿ 1400 ಎಂಎಲ್, ಬಾಟಲಿಯಲ್ಲಿ ಇಳಿದದ್ದು ಮೂರು ಬೆರಳು

ಆಸ್ಪತ್ರೆಯಲ್ಲಿ ಮರೆವಿನ ಕಾಯಿಲೆಯ (ಡಿಮೆನ್ಷಿಯಾ) ಹಿರಿಯರ ಪಕ್ಕ ಏಜೆನ್ಸಿ ಅಟೆಂಡರ್ ಇಟ್ಟುಕೊಳ್ಳುವವರು ಇದನ್ನು ಓದಿಕೊಂಡೇ ಅಡ್ವಾನ್ಸ್ ಕೊಡಿ. ಅತ್ತೆಯವರಿಗಾಗಿ ನಾವು ಕೊಟ್ಟು ಕೆಟ್ಟೆವು. ಹೆಸರು ಹಾಕುವುದಿಲ್ಲ, ಈ ಆಟ ಒಬ್ಬರದ್ದೇ ಅಲ್ಲ.

"ಡಿಮೆನ್ಷಿಯಾ ಟ್ರೈನಿಂಗ್ ಆದವರನ್ನೇ ಕಳಿಸ್ತೀವಿ" ಅಂದಿದ್ದರು. ಬಂದಾಕೆ ಬೆಳಗ್ಗೆ 8ರಿಂದ ರಾತ್ರಿ 8ರ ಡ್ಯೂಟಿ. ಯಾವ ಹೊತ್ತಿಗೆ ಎಷ್ಟು ಕುಡಿಸಿದರು ಅಂತ ಬರೆಯುವ ಇನ್‌ಟೇಕ್ ಚಾರ್ಟ್ ಮುತ್ತು ಪೋಣಿಸಿದ ಹಾಗಿತ್ತು: 8ಕ್ಕೆ 200 ಎಂಎಲ್, 10ಕ್ಕೆ 200, 12ಕ್ಕೆ 200. ಅದನ್ನೇ ನೋಡಿ ಸಮಾಧಾನಪಟ್ಟುಕೊಂಡೆವು. ಆಗಲೇ ಅನುಮಾನ ಬರಬೇಕಿತ್ತು! ಈ ಸ್ಥಿತಿಯವರು ಪ್ರತಿ ಸಲವೂ 200 ಎಂಎಲ್ ಎತ್ತಿ ಕುಡಿಯುವುದುಂಟೇ? ನಿಜವಾದ ಚಾರ್ಟ್‌ನಲ್ಲಿ 40, 70, 'ಬೇಡ ಅಂದರು', 30, 'ಉಗುಳಿದರು' ಅಂತೆಲ್ಲ ಇರುತ್ತೆ. ಸಾಲುಸಾಲಿಗೂ ಒಂದೇ ಅಂಕಿ ಬಂದರೆ ಕೂತಲ್ಲೇ ಗೀಚಿದ್ದು ಅಂತಲೇ ಲೆಕ್ಕ.

ಮೂರನೇ ದಿನ ಸಂಜೆ 5ಕ್ಕೆ ಹೋದರೆ 6ರ ಸಾಲು, 8ರ ಸಾಲು ಆಗಲೇ ಭರ್ತಿ. ಸಂಜೆ ಐದಕ್ಕೇ ರಾತ್ರಿ ಎಂಟರ ನೀರು ಕುಡಿಸಿಯಾಗಿದೆ! ಬೆಳಗ್ಗೆ ತುಂಬಿಟ್ಟ ಲೀಟರ್ ಬಾಟಲಿ ಮೂರು ಬೆರಳು ಇಳಿದಿತ್ತು, ಅಷ್ಟೆ. ಅತ್ತೆಯವರಿಗೆ ಮಂಪರು. ಮರುದಿನ ರಕ್ತಪರೀಕ್ಷೆಯಲ್ಲಿ ಸೋಡಿಯಂ 152 ಬಂತು. ಇರಬೇಕಾದದ್ದು 135ರಿಂದ 145. ಮೈಯಲ್ಲಿ ನೀರು ಸಾಲದಿದ್ದರೆ ಅದು ಹೀಗೆ ಏರುತ್ತೆ, ಮಂಪರೂ ಬರುತ್ತೆ. ಆ ಮಂಪರನ್ನು "ಕಾಯಿಲೆ ಹೆಚ್ಚಾಗಿದೆ" ಅಂತ ನಾವೂ ನಂಬಿದ್ದೆವಲ್ಲ, ನಾಚಿಕೆ ಅದಕ್ಕೆ.

ಕೇಳಿದ್ದಕ್ಕೆ ಉತ್ತರ: "ಅಮ್ಮ ಬೇಡ ಅಂದ್ರು, ಬಲವಂತ ಮಾಡೋಕಾಗುತ್ತಾ?" ವಯಸ್ಸಾದ ಮೇಲೆ ಬಾಯಾರಿಕೆಯೇ ಮಂದವಾಗುತ್ತೆ, "ನೀರು ಬೇಕಾ" ಅಂತ ಕೇಳಿದರೆ "ಬೇಡ" ಅಂತಲೇ ಬರುತ್ತೆ. ಕೇಳಲೇಬಾರದು. ಕೆಂಪೋ ನೀಲಿಯೋ ಬಣ್ಣದ ಹಗುರ ಲೋಟ ಕೈಗಿಟ್ಟು (ಗಾಜಿನ ಲೋಟದ ನೀರು ಅವರ ಕಣ್ಣಿಗೆ ಬೀಳದೇ ಹೋಗಬಹುದು), ಅವರ ಕೈಗೆ ನಿಮ್ಮ ಕೈ ಆಸರೆ ಕೊಟ್ಟು ಬಾಯಿಗೆ ಒಯ್ಯಬೇಕು. ನೀವೂ ಒಂದು ಗುಟುಕು ಕುಡಿದು ತೋರಿಸಿ. ತಲೆ ತಿರುಗಿಸಿದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಗಂಟೆಗೆ 100 ಎಂಎಲ್ ಇಳಿದರೂ ಎಚ್ಚರವಿರುವ ಹೊತ್ತಿನಲ್ಲಿ ಒಂದೂವರೆ ಲೀಟರ್ ಹತ್ತಿರ ಬರುತ್ತೆ. ಹಿರಿಯ ಹೆಂಗಸರಿಗೆ ದಿನಕ್ಕೆ 1.6 ಲೀಟರ್, ಗಂಡಸರಿಗೆ 2 ಲೀಟರ್ ಲೆಕ್ಕ. ಮಜ್ಜಿಗೆ, ಕಾಫಿ ಎಲ್ಲ ಸೇರಿಸಿಯೇ. ಹೃದಯ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರ್ ಹೇಳಿದ್ದೇ ಅಳತೆ. ಕಿಡ್ನಿಯವರಿಗೆ ಕೇಳದೆ ಎಳನೀರು ಬೇಡ, ಅದರಲ್ಲಿ ಪೊಟ್ಯಾಷಿಯಂ ಜಾಸ್ತಿ.

ಏಜೆನ್ಸಿಯವರಿಗೆ ಫೋನ್ ಮಾಡಿದರೆ "ಡ್ರಿಪ್ ಇದೆಯಲ್ಲ ಮೇಡಂ". ಡ್ರಿಪ್ ತೆಗೆದು ಎರಡು ದಿನವಾಗಿತ್ತು ಸ್ವಾಮಿ!

ಅಸಲು ಕಾರಣ ಆಮೇಲೆ ಆಕೆಯ ಬಾಯಿಂದಲೇ ಬಿತ್ತು: "ಕುಡಿಸಿದಷ್ಟೂ ಡೈಪರ್ ಬದಲಾಯಿಸ್ಬೇಕು." ಇಡೀ ಹನ್ನೆರಡು ಗಂಟೆಗೆ ಒಂದೇ ಡೈಪರ್.

ಇನ್ನು ಕುಡಿಸಿದ ಅಷ್ಟಿಷ್ಟೂ ಮಲಗಿಸಿಕೊಂಡೇ, ಮೂತಿ ಇರುವ ಫೀಡಿಂಗ್ ಕಪ್‌ನಿಂದ ಸುರಿದಿದ್ದು. ತಲೆ ಹಿಂದಕ್ಕೆ ವಾಲಿದರೆ ನೀರು ಶ್ವಾಸನಾಳಕ್ಕೆ ಹೋಗಬಹುದು, ನ್ಯುಮೋನಿಯಾ ಗ್ಯಾರಂಟಿ ಅಂತಲ್ಲ, ಆದರೆ ದಾರಿ ಅದೇ. ಮಂಚದ ತಲೆಭಾಗ ಎತ್ತಿ ನೆಟ್ಟಗೆ ಕೂರಿಸಿ, ಪೂರ್ತಿ ಎಚ್ಚರವಿದ್ದರೆ ಮಾತ್ರ ಕೊಡಿ, ಆಮೇಲೂ ಅರ್ಧ ಗಂಟೆ ಹಾಗೇ ಕೂತಿರಲಿ. ಕೆಮ್ಮಿದರೆ, ದನಿ ಗೊರಗೊರ ಅಂದರೆ ನಿಲ್ಲಿಸಿ ಸಿಸ್ಟರ್‌ಗೆ ಹೇಳಿ. ನೀರನ್ನು ಗಟ್ಟಿ ಮಾಡಿ ಕೊಡಬೇಕೋ ಅನ್ನುವುದನ್ನು ನುಂಗುವಿಕೆ ಪರೀಕ್ಷಿಸಿದವರು ಹೇಳಲಿ.

ಚಾರ್ಟ್ ನಂಬಬೇಡಿ, ಬಾಟಲಿಗೆ ಗೆರೆ ಎಳೆದಿಡಿ. ಒದ್ದೆ ಡೈಪರ್ ತೂಗಿ ಒಣ ಡೈಪರ್ ತೂಕ ಕಳೆಯಿರಿ, ಒಂದು ಗ್ರಾಂ ಅಂದರೆ ಸುಮಾರು ಒಂದು ಎಂಎಲ್ ಮೂತ್ರ. ತಕ್ಕಡಿ ಸುಳ್ಳು ಬರೆಯಲ್ಲ.

ಅಡ್ವಾನ್ಸ್ ವಾಪಸ್ ಕೇಳಿದೆವು. "ಮೂರು ದಿನ ಡ್ಯೂಟಿ ಸರಿಯಾಗೇ ಮಾಡಿದಾರಲ್ಲ ಮೇಡಂ, ಬೇಕಿದ್ರೆ ಚಾರ್ಟ್ ನೋಡಿ" ಅಂದರು.