ಅಮ್ಮನ ತುಟಿಗೆ ಇನ್ನೂ ಸ್ಪರ್ಶ ಬಂದಿಲ್ಲ: ಹಲ್ಲಿನ ಇಂಪ್ಲಾಂಟ್ ಮಾಡಿಸುವವರು ದಯವಿಟ್ಟು ಓದಿ

ಅಮ್ಮ ಈಗ ಕಾಫಿ ಕುಡಿಯುವಾಗ ಮಡಿಲಲ್ಲಿ ಒಂದು ಕರ್ಚೀಫು ಇಟ್ಟುಕೊಂಡೇ ಕೂರುತ್ತಾರೆ. ಕೆಳತುಟಿಯ ಬಲ ಅರ್ಧ, ಗದ್ದದ ಆ ಕಡೆ, ಎರಡೂ ಮರಗಟ್ಟಿವೆ. ಕಾಫಿ ಸೋರಿದರೂ ಗೊತ್ತಾಗಲ್ಲ, ಸುಟ್ಟರೂ ಗೊತ್ತಾಗಲ್ಲ. ಹದಿನಾಲ್ಕು ತಿಂಗಳಾಯಿತು. ಇಂಪ್ಲಾಂಟ್, ಅಂದರೆ ದವಡೆ ಮೂಳೆಯೊಳಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲಿನ ಕ್ಯಾಪ್ ಹಾಕುವುದು, ಅದರಲ್ಲಿ ಎರಡು ದವಡೆ ಹಲ್ಲು ಹಾಕಿಸಲು ಹೋಗಿ ಹೀಗಾಯಿತು.

ಅಮ್ಮನಿಗೆ 61 ವರ್ಷ, ಶುಗರ್ ಇದೆ. ಕೆಳಗಿನ ಬಲಗಡೆ ಎರಡು ದವಡೆ ಹಲ್ಲು ಹುಳುಕಾಗಿ ಏಳೆಂಟು ವರ್ಷದ ಹಿಂದೆಯೇ ಕೀಳಿಸಿದ್ದೆವು. ಮುದ್ದೆ ನುಂಗುವುದು, ಅದಕ್ಕೇನೂ ತೊಂದರೆ ಇರಲಿಲ್ಲ. ಅವರೆಕಾಯಿ ಕಾಲದಲ್ಲಿ ಎಲ್ಲರೂ ಕರಿದ ಹಿತಕಬೇಳೆ ತಿನ್ನುವಾಗ ಮಾತ್ರ ಸುಮ್ನೆ ನೋಡುತ್ತಾ ಕೂರುತ್ತಿದ್ದರು. ಅದನ್ನು ನೋಡಲಾಗದೆ ನಾನೇ ತುಮಕೂರಿನಿಂದ ಬೆಂಗಳೂರಿಗೆ ಕರೆಸಿಕೊಂಡು, ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. "ಮೂರೇ ದಿನದಲ್ಲಿ ಹಲ್ಲು, ಜೀವನಪೂರ್ತಿ ಗ್ಯಾರಂಟಿ" ಅಂತ ದೊಡ್ಡ ಬೋರ್ಡು ಇತ್ತು.

ಮೊದಲ ದಿನ ನಮ್ಮ ಜೊತೆ ಮಾತಾಡಿದವರು ಡಾಕ್ಟರೇ ಅಲ್ಲ, ಕೌಂಟರಿನಲ್ಲಿದ್ದ ಹುಡುಗಿ. "ಆಂಟಿ, ಇವತ್ತೇ ಪೂರ್ತಿ ಕಟ್ಟಿದರೆ ಹತ್ತು ಸಾವಿರ ಕಡಿಮೆ, ನಾಳೆಯಿಂದ ಈ ಆಫರ್ ಇರಲ್ಲ" ಅಂದರು. 64,000 ರೂಪಾಯಿ ಕಟ್ಟಿದೆ. ರಸೀದಿಯಲ್ಲಿ "ಡೆಂಟಲ್ ಟ್ರೀಟ್‌ಮೆಂಟ್" ಅಂತ ಬಿಟ್ಟರೆ ಬೇರೇನೂ ಬರೆದಿರಲಿಲ್ಲ. ಇಂಗ್ಲಿಷಿನಲ್ಲಿದ್ದ ನಾಲ್ಕು ಹಾಳೆಗೆ ಅಮ್ಮನ ಕೈಲಿ ಸಹಿ ಹಾಕಿಸಿಕೊಂಡರು. ನಾನೂ ಓದಲಿಲ್ಲ. ಓದಬೇಕಿತ್ತು.

ಆಪರೇಷನ್ ಮಾಡುವ ಡಾಕ್ಟರನ್ನು ನಾವು ನೋಡಿದ್ದೇ ಆ ಶುಕ್ರವಾರ ಬೆಳಗ್ಗೆ. ಇಡೀ ದವಡೆಯ ಎಕ್ಸ್‌ರೇ, ಅಂದರೆ ಒಪಿಜಿ, ಒಂದನ್ನು ಮಾತ್ರ ತೆಗೆದರು. "ಸ್ಕ್ಯಾನ್ ಏನಾದರೂ ಬೇಕಾ ಡಾಕ್ಟ್ರೇ?" ಅಂತ ಕೇಳಿದೆ. "ಇದಕ್ಕೆಲ್ಲ ಬೇಕಾಗಿಲ್ಲಮ್ಮ, ದಿನಾ ಮಾಡುವ ಕೆಲಸ" ಅಂದರು.

ಅದು ಯಾಕೆ ಬೇಕಿತ್ತು ಅನ್ನುವುದು ನನಗೆ ಆಮೇಲೆ ತಿಳಿಯಿತು. ಕೆಳದವಡೆಯ ಮೂಳೆಯೊಳಗೆ ಕೊಳವೆಯಂಥ ಒಂದು ಸಣ್ಣ ದಾರಿ ಇದೆ, ಅದರಲ್ಲಿ ಹಾದುಹೋಗುವ ನರವೇ ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವುದು. ಸ್ಕ್ರೂವಿನ ತುದಿಗೂ ಆ ದಾರಿಗೂ ನಡುವೆ ಕನಿಷ್ಠ 2 ಮಿಲಿಮೀಟರ್ ಜಾಗ ಬಿಡಬೇಕು. ಹಲ್ಲು ಕಿತ್ತು ವರ್ಷಗಳಾದರೆ ಅಲ್ಲಿನ ಮೂಳೆ ತಗ್ಗುತ್ತಾ ಬರುತ್ತದೆ, ಅಂದರೆ ವಸಡಿನಿಂದ ನರಕ್ಕಿರುವ ದೂರವೂ ಕಡಿಮೆಯಾಗುತ್ತದೆ. ಒಪಿಜಿಯಲ್ಲಿ ದವಡೆ ಚಪ್ಪಟೆಯಾಗಿ ಕಾಣುತ್ತದೆ, ಅಳತೆ ನಿಜಕ್ಕಿಂತ ಹಿಗ್ಗಿರುತ್ತದೆ, ಮೂಳೆ ಎಷ್ಟು ದಪ್ಪ ಇದೆ ಅನ್ನುವುದು ತಿಳಿಯುವುದೇ ಇಲ್ಲ. ಸಿಬಿಸಿಟಿ ಅನ್ನುವ ಸ್ಕ್ಯಾನ್‌ನಲ್ಲಿ ಮೂಳೆಯ ಎತ್ತರ, ದಪ್ಪ, ನರದ ದಾರಿ ಎಲ್ಲವೂ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಕೆಲವೇ ನಿಮಿಷದ ಕೆಲಸ. ನಾವು ಕಟ್ಟಿದ ದುಡ್ಡಿನ ಮುಂದೆ ಅದರ ಖರ್ಚು ಏನೇನೂ ಅಲ್ಲ.

ಶುಕ್ರವಾರವೇ ಎರಡೂ ಸ್ಕ್ರೂ ಕೂರಿಸಿದ್ದರು. ಶನಿವಾರ ಬೆಳಗ್ಗೆ ಎದ್ದ ಅಮ್ಮ "ತುಟಿ ಇನ್ನೂ ಮರದ ಥರ ಇದೆ ಕಣೇ" ಅಂದರು. ಫೋನ್ ಮಾಡಿದೆ. "ಇಂಜೆಕ್ಷನ್ ಪವರ್ ಇಳಿದಿಲ್ಲ, ಗಾಬರಿ ಬೇಡ" ಅಂದರು. ಮತ್ತಿನ ಇಂಜೆಕ್ಷನ್ ಕೆಲವು ಗಂಟೆಗಳಲ್ಲಿ ಇಳಿಯಬೇಕು, ರಾತ್ರಿ ಕಳೆದು ಬೆಳಗಾದರೂ ಇಳಿಯದೆ ಇರುವುದಿಲ್ಲ. ನನಗೆ ಅದು ಗೊತ್ತಿರಲಿಲ್ಲ. ಸೋಮವಾರ ಹೋದಾಗ "ಊತ ಇದೆ, ಸರಿಹೋಗುತ್ತೆ" ಅಂತ ಬಿ12 ಮಾತ್ರೆ ಬರೆದುಕೊಟ್ಟು, ಆ ಸ್ಕ್ರೂಗಳ ಮೇಲೆಯೇ ಕ್ಯಾಪ್ ಕೂರಿಸಿ ಕಳಿಸಿದರು. ಹೊಸ ಎಕ್ಸ್‌ರೇ ಇಲ್ಲ, ಪಿನ್ನಿನಿಂದ ತುಟಿ ಮುಟ್ಟಿ ನೋಡಲೂ ಇಲ್ಲ. ಮೂರು ವಾರ ಹೀಗೇ ಮಾತ್ರೆ ನುಂಗಿಸುತ್ತಾ ಕಳೆದೆವು.

ಕೊನೆಗೆ ಪರಿಚಯದವರೊಬ್ಬರು ಬೈದು ಒಂದು ದಂತ ಕಾಲೇಜಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಸರ್ಜನ್ ಅವತ್ತೇ ಸಿಬಿಸಿಟಿ ಮಾಡಿಸಿ ಕಂಪ್ಯೂಟರಿನಲ್ಲಿ ತೋರಿಸಿದರು. ಎರಡರಲ್ಲಿ ಮುಂದುಗಡೆಯ ಸ್ಕ್ರೂವಿನ ತುದಿ ನರದ ದಾರಿಯ ಒಳಗೇ ಇತ್ತು. "ಮೊದಲ ಒಂದೆರಡು ದಿನದಲ್ಲೇ ತೆಗೆದಿದ್ದರೆ ನರ ಚೇತರಿಸಿಕೊಳ್ಳುವ ಅವಕಾಶ ಜಾಸ್ತಿ ಇತ್ತಮ್ಮ" ಅಂದರು. ಆ ಮಾತು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ, ಇವತ್ತಿಗೂ ಆ ಶನಿವಾರದ ಫೋನು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ತೆಗೆಯಲು ಹೋದಾಗ ಇನ್ನೊಂದು ಕಷ್ಟ. ಒಂದೊಂದು ಕಂಪನಿಯ ಇಂಪ್ಲಾಂಟ್‌ಗೂ ಅದರದ್ದೇ ಸ್ಕ್ರೂಡ್ರೈವರ್ ಬೇಕು. ಯಾವ ಕಂಪನಿ, ಯಾವ ಸೈಜು ಅಂತ ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಇಂಪ್ಲಾಂಟ್ ಬರುವ ಡಬ್ಬಿಯ ಮೇಲೆ ಕಂಪನಿ ಹೆಸರು, ಅಳತೆ, ಲಾಟ್ ನಂಬರ್ ಇರುವ ಸ್ಟಿಕರ್ ಇರುತ್ತದೆ, ಅದನ್ನು ರೋಗಿಗೆ ಕೊಡಬೇಕು. ಕ್ಲಿನಿಕ್ಕಿಗೆ ಐದು ಸಲ ಅಲೆದರೂ ನನಗೆ ಅದು ಸಿಗಲಿಲ್ಲ.

ಹಿಂದುಗಡೆಯ ಸ್ಕ್ರೂ ನರಕ್ಕೆ ತಗುಲಿರಲಿಲ್ಲ, ಆದರೆ ಅಷ್ಟರಲ್ಲಿ ಅದೂ ಅಲ್ಲಾಡುತ್ತಿತ್ತು. ಅಮ್ಮನ ಮೂರು ತಿಂಗಳ ಶುಗರ್, ಎಚ್‌ಬಿಎ1ಸಿ, 9 ದಾಟಿತ್ತು. ಆಪರೇಷನ್‌ಗೆ ಮುಂಚೆ ಅದನ್ನು ಯಾರೂ ನೋಡಿರಲಿಲ್ಲ.

ಇಂಪ್ಲಾಂಟೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸ್ವೀಡನ್ನಿನ ಡಾಕ್ಟರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಸ್ಕ್ರೂ ಕೂರಿಸಿದರು, ಆ ಮನುಷ್ಯ 40 ವರ್ಷ ಅದರಲ್ಲೇ ಊಟ ಮಾಡಿದರು. ಮೂಳೆ ಬೆಳೆದು ಟೈಟಾನಿಯಂಗೆ ಕಚ್ಚಿಕೊಳ್ಳುವುದರಿಂದ ಅದು ನಿಲ್ಲುತ್ತದೆ. ಅದಕ್ಕೆ ಸಾಮಾನ್ಯವಾಗಿ ಕೆಳದವಡೆಯಲ್ಲಿ ಮೂರು ತಿಂಗಳು, ಮೇಲ್ದವಡೆಯಲ್ಲಿ ನಾಲ್ಕರಿಂದ ಆರು ತಿಂಗಳು ಬೇಕು. ಮೂಳೆ ಗಟ್ಟಿ ಇದ್ದು ಸ್ಕ್ರೂ ಬಿಗಿಯಾಗಿ ಕೂತರೆ ಬೇಗ ಕ್ಯಾಪ್ ಹಾಕುವುದೂ ಉಂಟು. ಆದರೆ ಅದನ್ನು ಡಾಕ್ಟರ್ ನಿಮ್ಮ ಬಾಯಿ ನೋಡಿ ತೀರ್ಮಾನ ಮಾಡಬೇಕು, ಬೋರ್ಡಿನಲ್ಲಿ ಎಲ್ಲರಿಗೂ ಒಂದೇ ಥರ ಬರೆದು ಹಾಕುವ ವಿಷಯ ಅಲ್ಲ, ಅಲ್ವಾ?

ದುಡ್ಡು ಕಟ್ಟುವ ಮುಂಚೆ ಡಾಕ್ಟರನ್ನೇ ಭೇಟಿ ಮಾಡಿ. ಸ್ಕ್ಯಾನ್ ಮಾಡಿಸಿ, ನರ ಎಲ್ಲಿದೆ, ಸ್ಕ್ರೂ ಎಷ್ಟು ಉದ್ದ, ನಡುವೆ ಎಷ್ಟು ಜಾಗ ಉಳಿಯುತ್ತದೆ ಅಂತ ಅದರಲ್ಲೇ ತೋರಿಸಲು ಕೇಳಿ. ಬೇಜಾರು ಮಾಡಿಕೊಂಡರೆ ಎದ್ದು ಬನ್ನಿ. ಶುಗರ್ ರಿಪೋರ್ಟ್ ನೀವೇ ತೆಗೆದುಕೊಂಡು ಹೋಗಿ. ಬೀಡಿ, ಸಿಗರೇಟ್ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆಯನ್ನೋ ಜೋಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ, ಅಂಥವರಿಗೆ ದವಡೆ ಮೂಳೆ ವಾಸಿಯಾಗದೆ ಕೊಳೆಯುವ ಅಪಾಯ ಇದೆ. ಪೂರ್ತಿ ದುಡ್ಡು ಒಂದೇ ಸಲ ಕೊಡಬೇಡಿ, ಕೆಲಸ ಆದ ಹಾಗೆ ಕಂತಿನಲ್ಲಿ ಕೊಡಿ. ಗ್ಯಾರಂಟಿ ಕಾರ್ಡನ್ನೂ ಓದಿ. ನಮ್ಮದರಲ್ಲಿ ಸ್ಕ್ರೂ ಹಾಳಾದರೆ ಇನ್ನೊಂದು ಸ್ಕ್ರೂ ಕೊಡುತ್ತೇವೆ ಅಂತಿತ್ತು, ಅಷ್ಟೇ. ಅಮ್ಮನ ತುಟಿಗೆ ಯಾವ ಗ್ಯಾರಂಟಿಯೂ ಇರಲಿಲ್ಲ.

ನಾವು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ಎರಡು ವರ್ಷದೊಳಗೆ ಕೊಡಬೇಕು, ವಕೀಲರಿಲ್ಲದೆಯೂ ಕೊಡಬಹುದು. ನಮ್ಮ ಕೈಯಲ್ಲಿ ಸರಿಯಾದ ಕಾಗದ ಅಂತ ಇರುವುದು ಕಾಲೇಜಿನ ಸ್ಕ್ಯಾನ್ ಒಂದೇ. ಅದಕ್ಕೇ ಹೇಳುತ್ತಿದ್ದೇನೆ, ಎಕ್ಸ್‌ರೇ, ಸಹಿ ಹಾಕಿದ ಹಾಳೆ, ಬಿಲ್ಲು, ಸ್ಟಿಕರ್, ಎಲ್ಲದರ ಪ್ರತಿ ಅವತ್ತವತ್ತೇ ಇಸಿದುಕೊಳ್ಳಿ.

ಸ್ಕ್ರೂ ತೆಗೆಸಿ ವರ್ಷ ದಾಟಿತು. ಗದ್ದದ ಒಂದು ಮೂಲೆಯಲ್ಲಿ ಈಗ ಇರುವೆ ಹರಿದಾಡಿದ ಹಾಗೆ ಆಗುತ್ತದಂತೆ. ತುಟಿ ಮಾತ್ರ ಹಾಗೇ ಇದೆ. ಮದುವೆ ಮನೆಗಳಿಗೆ ಬರುತ್ತಾರೆ, ಆದರೆ ಪಂಕ್ತಿಯಲ್ಲಿ ಕೂರಲ್ಲ. ಸಾರು ಗದ್ದದ ಮೇಲೆ ಇಳಿದರೆ ಯಾರಾದರೂ ನೋಡುತ್ತಾರೆ ಅಂತ.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ನಿನ್ನೆಯೋ ಇವತ್ತೋ ಕೆಳದವಡೆಗೆ ಇಂಪ್ಲಾಂಟ್ ಹಾಕಿಸಿದ್ದು, ಇನ್ನೂ ತುಟಿ ಮರಗಟ್ಟಿದ್ದರೆ, ಸೋಮವಾರದವರೆಗೆ ಕಾಯಬೇಡಿ. ಬಾಯಿ ಮತ್ತು ದವಡೆ ಸರ್ಜನ್ ಇರುವ ಆಸ್ಪತ್ರೆಗೆ ಈಗಲೇ ಹೊರಡಿ.